ಎರೆಮಣ್ಣಿನಲ್ಲಿ ನೊರೆ ಎದ್ದ ದಿನ

ಊಟಿಯಿಂದ ಅಕ್ಕ ತಂದುಕೊಟ್ಟ ಅಜೇಲಿಯಾ ಗಿಡವನ್ನು ಫೆಬ್ರುವರಿಯಲ್ಲಿ ಕಲಬುರಗಿಯ ನಮ್ಮ ಮನೆಯ ಹಿತ್ತಲಿನಲ್ಲಿ ನೆಟ್ಟಾಗ ಅದರ ಮೈತುಂಬ ಗುಲಾಬಿ ಬಣ್ಣದ ಹೂವಿತ್ತು. ಬೇವಿನ ಮರದ ಪೂರ್ವಕ್ಕೆ, ಬೆಳಗಿನ ಎಳೆಬಿಸಿಲು ಮಾತ್ರ ತಾಗುವ ಜಾಗ ಆರಿಸಿದ್ದೆ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿದಾಗ ಹಸಿರು ಬಲೆಯನ್ನೂ ಕಟ್ಟಿದೆ. ಆದರೂ ಎಲೆಗಳು ಹಳದಿಯಾದವು. ಬಾಡಿ ಹಳದಿಯಾದದ್ದಲ್ಲ, ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಬಿಳಿಚಿಕೊಂಡಿತ್ತು, ಅದೂ ಎಳೆಯ ಎಲೆಗಳಲ್ಲೇ ಮೊದಲು. ನಾನು ಸಗಣಿಗೊಬ್ಬರ ಹಾಕಿದೆ. ಅವ್ವ ತನ್ನ ಬದನೆಗಿಡಗಳಿಗೆ ಹಾಕುವಂತೆ ಒಲೆಯ ಬೂದಿಯನ್ನು ಬುಡಕ್ಕೆ ಸುರಿದಳು.

ಜೂನ್‌ನ ಒಂದು ಭಾನುವಾರ ಪಕ್ಕದ ಮನೆಯ ಕಾಕಾ ಬಂದರು. ಕೃಷಿ ಇಲಾಖೆಯಿಂದ ನಿವೃತ್ತರಾದವರು. ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ, "ಒಂದು ಹಿಡಿ ಮಣ್ಣು ತಾ ತಂಗಿ, ಅಡುಗೆಮನೆಯಲ್ಲಿ ವಿನೆಗರ್ ಇದ್ದರೆ ಅದನ್ನೂ ತಾ" ಎಂದರು.

ತಟ್ಟೆಯಲ್ಲಿ ಹರಡಿದ ಎರೆಮಣ್ಣಿನ ಮೇಲೆ ನಾಲ್ಕು ಹನಿ ಬಿದ್ದವು. ಬುಸ್ಸೆಂದು ನೊರೆ ಎದ್ದಿತು.

"ಸುಣ್ಣ," ಎಂದರು ಕಾಕಾ. ಶಹಾಬಾದಿನ ಸುಣ್ಣದಕಲ್ಲಿನ ಪರಸಿ ಹಾಸಿದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು ಯಾವ ಕಲ್ಲನ್ನು ನಂಬಿ ನಿಂತಿವೆ ಎಂಬುದೂ ಗೊತ್ತು. ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದ ಬಿಳಿ ಪದರವನ್ನು ಎಷ್ಟೋ ಸಲ ಉಜ್ಜಿದ್ದೇನೆ. ಅದೇ ನೀರನ್ನು ದಿನವೂ ಈ ಗಿಡಕ್ಕೆ ಉಣಿಸುತ್ತಿದ್ದೆ.

"ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಸುಣ್ಣ ಅದನ್ನು ಕರಗಲು ಬಿಡುವುದಿಲ್ಲ. ಕರಗದಿದ್ದರೆ ಬೇರು ಹೀರುವುದು ಹೇಗೆ?" ಎಂದರು ಕಾಕಾ. ಅಜೇಲಿಯಾಕ್ಕೆ ಪಿಎಚ್ (ಹುಳಿ-ಕ್ಷಾರದ ಅಳತೆ) 4.5ರಿಂದ 6ರ ಹುಳಿಮಣ್ಣು ಬೇಕು. ಬೂದಿ ಸುಣ್ಣದ ಪಕ್ಷವನ್ನೇ ಸೇರಿತ್ತು. ಅವ್ವ ಸೆರಗು ಬಾಯಿಗೆ ಹಿಡಿದು ಸುಮ್ಮನೆ ನಿಂತಳು.

ಸಂಜೆ ಗಿಡವನ್ನು ಮೆಲ್ಲಗೆ ಎಬ್ಬಿಸಿದೆವು. ನಾಲ್ಕು ತಿಂಗಳಾಗಿದ್ದರೂ ಕೂದಲೆಳೆಯಂಥ ಬೇರುಗಳು ನರ್ಸರಿಯವರು ಕೊಟ್ಟ ತೆಂಗಿನನಾರಿನ ಉಂಡೆಯನ್ನು ದಾಟಿರಲೇ ಇಲ್ಲ. ನಮ್ಮ ನೆಲದೊಳಗೆ ಒಂದು ಬೇರೂ ಕಾಲಿಟ್ಟಿರಲಿಲ್ಲ. ನನಗೆ ಗಂಟಲು ಕಟ್ಟಿತು.

ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಟ್ಟು ಕಾಪಾಡಿದೆವು. ವಾರದೊಳಗೆ ತಮ್ಮ ಬೀದರಿನಿಂದ ಎರಡು ಚೀಲ ಕೆಂಪುಮಣ್ಣು ತಂದ. ಬೀದರ ಕೋಟೆಯ ಗೋಡೆಗಳ ಜಂಬಿಟ್ಟಿಗೆಯಂಥದೇ ಕಲ್ಲಿನ ನೆಲದ್ದು. ಅದರ ಮೇಲೂ ವಿನೆಗರ್ ಹನಿಸಿದೆ. ನೊರೆ ಬರಲಿಲ್ಲ. ಆ ಮಣ್ಣಿಗೆ ಎಲೆಗೊಬ್ಬರ, ತೆಂಗಿನನಾರಿನ ಪುಡಿ ಬೆರೆಸಿ, ಅಗಲ ಬಾಯಿಯ ಮಣ್ಣಿನ ಕುಂಡದಲ್ಲಿ ಗಿಡ ಕೂರಿಸಿ, ಬುಡಕ್ಕೆ ತರಗೆಲೆ ಹೊದಿಸಿದೆ. ಬೇರು ಮೇಲುಮೇಲಕ್ಕೇ ಹರಡುವುದರಿಂದ ಕುರ್ಪಿ ಹಾಕುವಂತಿಲ್ಲ. ಕಳೆಯನ್ನು ಬೆರಳಿನಿಂದಲೇ ಕೀಳುತ್ತೇನೆ.

ಆಗಸ್ಟ್‌ನಲ್ಲಿ ತುದಿಯಲ್ಲಿ ಮೂಡಿದ ಚಿಗುರು ನರದಿಂದ ಅಂಚಿನವರೆಗೂ ಹಸಿರಾಗಿದೆ. ಕುಂಡಕ್ಕೆ ಮಳೆನೀರು ಮಾತ್ರ. ಈಗ ಮೋಡ ಕಟ್ಟಿದೊಡನೆ ಅವ್ವ ಒಣಹಾಕಿದ ಬಟ್ಟೆಯನ್ನು ಮರೆತು ಕೊಡಗಳನ್ನು ಅಂಗಳಕ್ಕೆ ತಂದಿಡುತ್ತಾಳೆ.