ತೊಟ್ಟಿಲ ಕಾರ್ಯದ ಕರೆಯೋಲೆ

ತಂಗಿಯ ಮಗುವಿನ ತೊಟ್ಟಿಲ ಕಾರ್ಯದ ಆಮಂತ್ರಣ ಪತ್ರಿಕೆಗಳನ್ನು ಬೀದರಿನ ನಮ್ಮ ಮನೆಯಲ್ಲಿಯೇ ಕೈಯಿಂದ ಸಿದ್ಧಪಡಿಸುತ್ತಿದ್ದೇವೆ. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮೂರಿನ ಬಿದ್ರಿ ಕಲೆಯಲ್ಲಿ ಕಪ್ಪು ಲೋಹದ ಮೇಲೆ ಬೆಳ್ಳಿಯ ತಂತಿ ಹೂಬಳ್ಳಿಯಾಗಿ ಹಬ್ಬುವಂತೆ, ಕಾರ್ಡಿನ ಅಂಚಿಗೂ ಬೆಳ್ಳಿ ಬಣ್ಣದ ಜೆಲ್ ಪೆನ್ನಿನಿಂದ ಬಳ್ಳಿ ಬಿಡಿಸಬೇಕೆಂಬುದು ನನ್ನ ಆಸೆಯಾಗಿತ್ತು. ಶುಭಕಾರ್ಯಕ್ಕೆ ಕಪ್ಪು ಬೇಡವೆಂದು ಅವ್ವ ಹೇಳಿದ್ದರಿಂದ ಕಡುಗೆಂಪು ಹಾಳೆ ತಂದೆವು. ಅದರ ಮೇಲೂ ಬೆಳ್ಳಿಗೆರೆ ಬಹಳ ಚೆನ್ನಾಗಿ ಎದ್ದು ಕಾಣುತ್ತದೆ.

300 ಜಿಎಸ್‌ಎಂನ ದಪ್ಪ ಹಾಳೆಯನ್ನು ಹಾಗೆಯೇ ಮಡಿಸಿದರೆ ಮಡಿಕೆಯಲ್ಲಿ ಬಿರುಕು ಕಾಣಿಸುವುದರಿಂದ, ಮೊದಲು ಸ್ಕೇಲಿಟ್ಟು ಶಾಯಿ ಮುಗಿದ ಬಾಲ್ ಪೆನ್ನಿನಿಂದ ಗೀರು ಎಳೆದು, ಹಾಳೆಯ ನಾರು ಸಾಗುವ ದಿಕ್ಕಿನಲ್ಲಿಯೇ ಮಡಿಸಬೇಕು. ನಾಲ್ಕೂ ಮೂಲೆಗಳಿಗೆ ಅರಿಶಿನ ಹಚ್ಚುವ ಕೆಲಸ ಅವ್ವನದು. ನೀರು ಹೆಚ್ಚಾದರೆ ಹಾಳೆ ಉಬ್ಬುತ್ತದೆಂದು ಬೆರಳ ತುದಿಯನ್ನಷ್ಟೇ ಒತ್ತುತ್ತಾಳೆ.

ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಚಿತ್ರ ಕ್ಷಣದಲ್ಲಿ ಎಲ್ಲರಿಗೂ ತಲುಪುತ್ತದೆ, ನಿಜ. ಆದರೆ ಒಬ್ಬೊಬ್ಬರ ಹೆಸರನ್ನೂ ಬರೆಯುತ್ತಾ ಹೋದಂತೆ, ಅವರೊಡನೆ ಮಾತನಾಡಿ ಎಷ್ಟು ಕಾಲವಾಯಿತೆಂಬುದು ತಾನಾಗಿ ನೆನಪಾಗುತ್ತದೆ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆಯ ಕಾರ್ಡಿನಲ್ಲಿ ಎರಡು ಸಾಲು ಹೆಚ್ಚೇ ಬರೆದಿದ್ದೇನೆ. ಕಲಬುರಗಿಯ ಕಾಕಾ ಅವರ ಕಾರ್ಡನ್ನು ಅಂಚೆಗೆ ಹಾಕದೆ, ನಾವೇ ಹೋಗಿ ಕೊಟ್ಟುಬರಲು ನಿರ್ಧರಿಸಿದ್ದೇವೆ.