ಅತ್ತೆ ರಿಪೋರ್ಟ್ ಬಂತು, ಅಪ್ಪಂಗೆ ಬ್ಲಡ್ ಟೆಸ್ಟ್

ಹೋದ ವರ್ಷ ಯುಗಾದಿ ಟೈಮಲ್ಲಿ ನಮ್ಮತ್ತೆಗೆ (ಅಪ್ಪನ ಸ್ವಂತ ಅಕ್ಕ, ಗುಬ್ಬಿ ಹತ್ರ ತೋಟದ ಮನೇಲಿ ಇರೋರು) ಹೊಟ್ಟೆ ಉಬ್ಬರ ಶುರುವಾಯ್ತು. ಎರಡು ತುತ್ತು ಮುದ್ದೆ ನುಂಗೋಷ್ಟರಲ್ಲಿ ಸಾಕು ಅಂತ ತಟ್ಟೆ ಸರಿಸೋರು. ಮೂರು ತಿಂಗಳು ಗ್ಯಾಸ್ ಮಾತ್ರೆ ತಿಂದಿದ್ದೇ ತಿಂದಿದ್ದು, ತೋರಿಸ್ತಿದ್ದ ಕ್ಲಿನಿಕ್ಕಲ್ಲಿ ಒಂದ್ಸಲನೂ ಸ್ಕ್ಯಾನಿಂಗ್ ಬರೆದುಕೊಡ್ಲಿಲ್ಲ, ಆ ಸಿಟ್ಟು ನಂಗಿನ್ನೂ ಇಳಿದಿಲ್ಲ. ಕೊನೆಗೆ ತುಮಕೂರಲ್ಲಿ ಸ್ಕ್ಯಾನ್ ಮಾಡಿಸಿದ್ರೆ ಹೊಟ್ಟೆ ತುಂಬ ನೀರು. ಅಂಡಾಶಯದ ಕ್ಯಾನ್ಸರ್, ಮೂರನೇ ಸ್ಟೇಜ್.

ಬೆಂಗಳೂರಲ್ಲಿ ಮೂರು ಕೀಮೋ, ಆಮೇಲೆ ಆಪರೇಷನ್, ಮತ್ತೆ ಮೂರು ಕೀಮೋ. ಗರ್ಭಕೋಶ, ಎರಡೂ ಅಂಡಾಶಯ, ಅದರ ನಾಳ, ಕರುಳಿನ ಮೇಲೆ ಹೊದ್ದಿರೋ ಕೊಬ್ಬಿನ ಪದರ ಎಲ್ಲಾ ತೆಗೆದ್ರು. ನಾವು ಗಡ್ಡೆ ಎಷ್ಟು ದಪ್ಪ ಇತ್ತು ಅಂತ ಕೇಳ್ತಿದ್ರೆ ಡಾಕ್ಟ್ರು, ಕಣ್ಣಿಗೆ ಕಾಣೋದು ಏನೂ ಉಳಿದಿಲ್ಲ ಕಣಮ್ಮ, ಮುಖ್ಯ ಅದು ಅಂದ್ರು. ಅತ್ತೆಗೆ ತಕ್ಷಣ ಅರ್ಥ ಆಯ್ತು: "ಗರಿಕೆ ಕಿತ್ತಂಗೆ ಬಿಡು, ಗೆಣ್ಣು ಒಂದು ಉಳಿದ್ರೂ ಮಳೆಗೆ ಮತ್ತೆ ಹಬ್ಬುತ್ತೆ."

ಆಮೇಲೆ ಬಂತು ಜೀನ್ ರಿಪೋರ್ಟು. ಬಿಆರ್‌ಸಿಎ1 ಅನ್ನೋ ಜೀನಲ್ಲಿ ಹುಟ್ಟಿನಿಂದ ಬಂದ ಮ್ಯುಟೇಶನ್, ಅಂದ್ರೆ ದೋಷ. ಈ ಜೀನ್ ಕೆಲಸ ಏನಪ್ಪಾ ಅಂದ್ರೆ ಕಿತ್ತುಹೋದ ಡಿಎನ್‌ಎ ರಿಪೇರಿ ಮಾಡೋದು, ಅದೇ ಕೆಟ್ರೆ ಕ್ಯಾನ್ಸರ್ ಚಾನ್ಸ್ ಜಾಸ್ತಿ. ಸಾಮಾನ್ಯ ಹೆಂಗಸರಲ್ಲಿ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರೋದು ನೂರಕ್ಕೆ ಒಬ್ಬರಿಗೆ ಚೂರು ಮೇಲೆ, ಬಿಆರ್‌ಸಿಎ1 ಕೆಟ್ಟಿದ್ರೆ ಸುಮಾರು 40 ಜನಕ್ಕೆ. ಆದ್ರೆ ತಮಾಷೆ ನೋಡಿ, ಆ ಕ್ಯಾನ್ಸರ್ ಕಣಕ್ಕೂ ರಿಪೇರಿ ಬರಲ್ಲ, ಹಂಗಾಗಿ ಡಿಎನ್‌ಎನೇ ಹಾಳು ಮಾಡೋ ಕಾರ್ಬೋಪ್ಲಾಟಿನ್ ಅನ್ನೋ ಕೀಮೋ ಔಷಧಿ ಕೊಟ್ರೆ ತಡ್ಕೊಳಲ್ಲ, ಸಾಯುತ್ತೆ. 2012ರ ಒಂದು ದೊಡ್ಡ ಸ್ಟಡಿಲಿ ಈ ಕ್ಯಾನ್ಸರ್ ಗೊತ್ತಾದ್ಮೇಲೆ ಐದು ವರ್ಷ ದಾಟಿ ಬದುಕಿದೋರು ಮ್ಯುಟೇಶನ್ ಇಲ್ದೋರಲ್ಲಿ 36%, ಬಿಆರ್‌ಸಿಎ1 ಕೆಟ್ಟಿರೋರಲ್ಲಿ 44%, ಅದೇ ಥರ ರಿಪೇರಿ ಮಾಡೋ ಇನ್ನೊಂದು ಜೀನ್ ಬಿಆರ್‌ಸಿಎ2 ಕೆಟ್ಟಿರೋರಲ್ಲಿ 52%. ವರ್ಷ ಕಳೀತಾ ಕಳೀತಾ ಈ ಲಾಭ ಕರಗುತ್ತೆ ಅನ್ನೋದೂ ನಿಜ, ಅದನ್ನ ಅತ್ತೆಗೆ ನಾನು ಹೇಳಿಲ್ಲ. ಮತ್ತೆ ಜೀನ್ ಹೆಂಗಿದ್ರೂ ಆಪರೇಷನ್ನಲ್ಲಿ ಪೂರ್ತಿ ಕ್ಲೀನ್ ಆಗ್ಲೇಬೇಕು. ಈಗ ಓಲಾಪರಿಬ್ ಮಾತ್ರೆ ನಡೀತಿದೆ, ಕ್ಯಾನ್ಸರ್ ಕಣಕ್ಕೆ ಉಳಿದಿರೋ ಇನ್ನೊಂದು ರಿಪೇರಿ ದಾರಿನೂ ಮುಚ್ಚೋದು. ಅದರ ರೇಟು ಕೇಳಿ ಮಾವ ಅರ್ಧ ಗಂಟೆ ಮಾತಾಡ್ಲಿಲ್ಲ.

ಕೌನ್ಸೆಲರ್ ಮೇಡಮ್ಮು ಒಡಹುಟ್ಟಿದೋರು ಎಷ್ಟು ಜನ ಅಂತ ಕೇಳಿದಾಗ ಅತ್ತೆ, "ಒಬ್ಬನೇ ತಮ್ಮ, ಗಂಡಸು, ಅವನಿಗೇನು" ಅಂದ್ಬಿಟ್ರು. ನಾನೂ ಹಂಗೇ ಅನ್ಕೊಂಡಿದ್ದೆ, ಹೆಂಗಸರ ಕಾಯಿಲೆ ಅಮ್ಮನ ಕಡೆಯಿಂದ ತಾನೇ ಬರೋದು ಅಂತ. ಅಲ್ವಂತೆ! ಅಪ್ಪಂಗೂ ಈ ಕೆಟ್ಟ ಜೀನ್ ಇರೋ ಚಾನ್ಸ್ ಅರ್ಧಕ್ಕರ್ಧ, ಅಪ್ಪಂಗೆ ಇದ್ರೆ ನಂಗೆ ಅರ್ಧ, ತಂಗಿಗೆ ಅರ್ಧ. ಬಿಆರ್‌ಸಿಎ1 ಕೆಟ್ಟಿರೋ ಹೆಂಗಸರಿಗೆ ಮಕ್ಕಳಾದ್ಮೇಲೆ 35ರಿಂದ 40ರೊಳಗೆ ಅಂಡಾಶಯ, ನಾಳ ಎರಡೂ ಮುಂಚೆನೇ ತೆಗೆಸಿಬಿಡಿ ಅಂತ ಹೇಳ್ತಾರೆ, ಯಾಕಂದ್ರೆ ಇದನ್ನ ಬೇಗ ಹಿಡಿಯೋ ನಂಬಿಕಸ್ಥ ಟೆಸ್ಟೇ ಇಲ್ಲ.

ವಾಪಸ್ ಬರೋವಾಗ ಬಸ್ಸಲ್ಲಿ ಅಪ್ಪ ದಾಬಸ್‌ಪೇಟೆ ತನಕ ಸುಮ್ನಿದ್ದು ಆಮೇಲೆ ಅಂದ್ರು, "ನಮ್ಮಮ್ಮನೂ ಹೊಟ್ಟೆ ನೀರು ತುಂಬ್ಕೊಂಡೇ ಹೋಗಿದ್ದು ಕಣೆ. ಯಾರೋ ಮದ್ದು ಹಾಕಿದಾರೆ ಅಂದ್ರು, ಎರಡು ಊರು ಸುತ್ತಿ ಮದ್ದು ಕಕ್ಕಿಸಿದ್ವಿ."

ಮೊನ್ನೆ ಸೋಮವಾರ ಅಪ್ಪನೇ ಅಂಗಿ ತೋಳು ಮಡಚಿ ರಕ್ತ ಕೊಟ್ರು. ಫಾರಮ್ಮಲ್ಲಿ ಮಕ್ಕಳು ಅಂತಿದ್ದ ಕಡೆ ನಿಧಾನಕ್ಕೆ ಬರೆದ್ರು: ಹೆಣ್ಣು 2, ವಯಸ್ಸು 34, 29.