ಟ್ವಿನ್ ಗಾಡಿಯ ಬಲಗಡೆ ಸಿಲಿಂಡರ್

ಎರಡು ಸಿಲಿಂಡರಿನ ಹಳೇ ಗಾಡಿ ಐಡ್ಲಿಂಗ್‌ನಲ್ಲಿ ತಡವರಿಸಿ, ಒಂದೇ ಕಡೆಯ ಸೈಲೆನ್ಸರ್ ಜಾಸ್ತಿ ಕಾಯ್ದರೆ ಎಲ್ಲರೂ ಮೊದಲು ಕಾರ್ಬ್ಯುರೇಟರಿಗೇ ಕೈ ಹಾಕುತ್ತಾರೆ. ಮೊದಲು ಪಾಯಿಂಟ್ ನೋಡಿ, ಅಂದರೆ ತೆರೆದ ಕ್ಷಣಕ್ಕೆ ಪ್ಲಗ್‌ನಲ್ಲಿ ಕಿಡಿ ಹಾರಿಸುವ ಸಣ್ಣ ಸ್ವಿಚ್.

ನಮ್ಮ ಮನೆಯ ಯೆಜ್ಡಿ 350 ಟ್ವಿನ್‌ನಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಪಾಯಿಂಟ್, ಕಿಡಿಗೆ ವೋಲ್ಟೇಜ್ ಏರಿಸುವ ಬೇರೆ ಕಾಯಿಲ್. ಎಡಗಡೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸರಿಯಿದ್ದು ಬಲಗಡೆ ಮಾತ್ರ ಕೆಡಬಹುದು. ಈ ಸಲ ಆಗಿದ್ದೂ ಅದೇ. ತಿರುಗುತ್ತಾ ಪಾಯಿಂಟ್ ತೆರೆಸುವ ಕ್ಯಾಮ್‌ಗೆ ಉಜ್ಜುವ ಫೈಬರ್ ತುಂಡು ಸವೆದಿತ್ತು. ಅದು ಸವೆದರೆ ಪಾಯಿಂಟ್ ತೆರೆಯುವ ಗ್ಯಾಪ್ ಕಡಿಮೆಯಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡ. ಪಿಸ್ಟನ್ನನ್ನು ತಳ್ಳಬೇಕಾದ ಬಿಸಿಯೆಲ್ಲ ಸೈಲೆನ್ಸರಿಗೆ.

ಮೊದಲು ಫೀಲರ್ ಗೇಜ್‌ನಲ್ಲಿ (ಸಂದಿ ಅಳೆಯುವ ತೆಳು ತಗಡು) ಗ್ಯಾಪ್, ಆಮೇಲೆ ಟೈಮಿಂಗ್. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಅಲ್ವಾ? ಪ್ಲಗ್ ತೂತಿಗೆ ಪಿಸ್ಟನ್ ಎಲ್ಲಿದೆ ಎಂದು ತೋರಿಸುವ ಡಯಲ್ ಗೇಜ್ ಕೂರಿಸಿ, ಪಾಯಿಂಟಿಗೂ ಬಾಡಿಗೂ ಮಧ್ಯೆ ಸಣ್ಣ ಬಲ್ಬ್ ಕಟ್ಟಿ, ಕೀ ಆನ್ ಮಾಡಿ ಎಂಜಿನ್ ನಿಧಾನ ತಿರುಗಿಸಬೇಕು. ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬ್ ಹತ್ತುತ್ತದೆ. ಆಗ ಪಿಸ್ಟನ್ ಇನ್ನೂ ಮೇಲೆ ಮುಟ್ಟಿರಬಾರದು. ಹಾಗಂತ ತೀರಾ ಮುಂಚೆ ಕಿಡಿ ಕೊಟ್ಟರೆ ಕಿಕ್ಕರ್ ವಾಪಸ್ ಒದೆಯುತ್ತದೆ, ಪಿಸ್ಟನ್ ತೂತಾಗುವ ಭಯವೂ ಇದೆ. ಒಂದು ಕಡೆ ಮುಗಿಸಿ ಇನ್ನೊಂದನ್ನೂ ಹಾಗೇ ನೋಡಬೇಕು.

ಈಗಿನ ಗಾಡಿಗಳಲ್ಲಿ ಇದನ್ನೆಲ್ಲ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಒಳ್ಳೆಯದೇ. ಆದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅಲ್ಲಿನ ಗಾಡಿ ಒಂದು ಬಲ್ಬು, ಒಂದು ಸ್ಕ್ರೂಡ್ರೈವರಿಗೆ ಮಾತು ಕೇಳುತ್ತದಲ್ಲ, ಅದು ನನಗೆ ತುಂಬಾ ಇಷ್ಟ. ಮುಚ್ಚಳ ಹಾಕುವ ಮೊದಲು ಕ್ಯಾಮ್‌ಗೆ ಎಣ್ಣೆ ಸವರುವ ಫೆಲ್ಟ್ ತುಂಡಿಗೆ ಒಂದೆರಡು ಹನಿ ಎಣ್ಣೆ ಬಿಡಿ, ಫೈಬರ್ ಬೇಗ ಸವೆಯುವುದಿಲ್ಲ.